ಎರಡೂ ಕಾಲು ನೆಲಕ್ಕೆ

ನನ್ನ ಎತ್ತರ ಐದಡಿ ಎರಡಿಂಚು. ಚಪ್ಪಲಿ ಹಾಕಿದರೆ ಮೂರು. ಕಾಲೇಜಿನ ದಿನಗಳಲ್ಲಿ ಗೆಳೆಯನ ಬುಲೆಟ್ ಓಡಿಸಲು ಹೋಗಿ ಮಂಗಳೂರಿನ ಲೇಡಿಹಿಲ್ ಬಳಿ ನಿಲ್ಲಿಸಿದಾಗ ಒಂದು ಕಾಲಿನ ಹೆಬ್ಬೆರಳಷ್ಟೇ ನೆಲಕ್ಕೆ ತಾಗಿತು. ಇನ್ನೊಂದು ದೇವರ ಮೇಲೆ ಭಾರ ಹಾಕಿ ಗಾಳಿಯಲ್ಲಿತ್ತು. ನಿಧಾನಕ್ಕೆ ಎಡಕ್ಕೆ ವಾಲಿ, ಗಾಡಿ ಸಮೇತ ಬಸಳೆ ಮಾರುವವಳ ಬುಟ್ಟಿಯ ಪಕ್ಕದಲ್ಲೇ ಮಲಗಿದೆ. ಬಸಳೆಗೆ ಏನೂ ಆಗಲಿಲ್ಲ. “ಏಳಿ ಮಾರಾಯ್ರೆ, ಗಿರಾಕಿ ಬರುವ ಹೊತ್ತು” ಎಂದಳು. ಅಂದಿನಿಂದ ಸ್ಕೂಟರೇ ಗತಿ.

2001ರಲ್ಲಿ ಕವಾಸಕಿ ಬಜಾಜ್ ಎಲಿಮಿನೇಟರ್ ಬಂದಾಗ ಆಸೆ ಮತ್ತೆ ಚಿಗುರಿತು. ತಗ್ಗು ಸೀಟು, ಮುಂದಕ್ಕೆ ಚಾಚುವ ಕಾಲು, ಎದೆಯ ಹತ್ತಿರಕ್ಕೇ ಬಾಗಿ ಬರುವ ಹ್ಯಾಂಡಲ್. ಅಜ್ಜನ ಆರಾಮ ಕುರ್ಚಿಗೆ ಯಾರೋ ಎರಡು ಚಕ್ರ ಸಿಕ್ಕಿಸಿದ ಹಾಗಿತ್ತು. ಬೆಲೆ ಕೇಳಿ ಸುಮ್ಮನಾದೆ. 2005ರಲ್ಲಿ ಅದೇ ಗಾಡಿ ಅವೆಂಜರ್ ಎಂದು ಹೆಸರು ಬದಲಿಸಿ ಅಗ್ಗವಾಗಿ ಬಂತು. ಆಗ ಮಗಳ ಶಾಲೆಯ ಫೀಸು. 2010ರಲ್ಲಿ 220 ಸಿಸಿಯದು ಬಂತು. ಆಗ ಮನೆ ಸಾಲ. ಬೈಕು ಬೆಳೆದ ಹಾಗೆ ನನ್ನ ನೆಪಗಳೂ ಬೆಳೆದವು. ಅದರ ಸೀಟಿನ ಎತ್ತರ 710 ಮಿಲಿಮೀಟರ್, ಎರಡೂವರೆ ಅಡಿಯೂ ಇಲ್ಲ ಎಂಬ ಲೆಕ್ಕ ಮಾತ್ರ ಸಾಲದ ಕಂತಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಇನ್ನು ನಿವೃತ್ತಿಯಾಯಿತಲ್ಲ, ಸೆಕೆಂಡ್ ಹ್ಯಾಂಡ್ ಆದರೂ ಸರಿ ಎಂದು ಹೊರಟೆ. “ಹಳೇ ಗಾಡಿ ಯಾಕೆ?” ಎಂದಳು ಹೆಂಡತಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, ನನಗೆ ಅನ್ನ ಹಾಕಿದ್ದು, 2020ರ ಏಪ್ರಿಲ್ ಒಂದರಂದು ಯೂನಿಯನ್ ಬ್ಯಾಂಕಿನೊಳಗೆ ಕರಗಿಹೋದದ್ದನ್ನು ಕಣ್ಣಾರೆ ಕಂಡವನು ನಾನು. ಹಳೆಯದರ ಮೇಲೆ ನನಗೇನೂ ಕೋಪವಿಲ್ಲ.

ನೋಡಿದ ಗಾಡಿಗಳೆಲ್ಲ “ಡಾಕ್ಟರು ಓಡಿಸಿದ್ದು ಸರ್, ಸಿಂಗಲ್ ಓನರ್.” ನಮ್ಮ ಊರಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ, ನಿಜ. ಆದರೆ ಇವರೆಲ್ಲ ಇಷ್ಟೊಂದು ಬೈಕು ಓಡಿಸುತ್ತಿದ್ದರೆ ರೋಗಿಗಳನ್ನು ನೋಡಿದ್ದು ಯಾವಾಗ? ಜೊತೆಗೆ ಬಂದ ಗ್ಯಾರೇಜಿನ ಹುಡುಗ ಮಾತಿಗೆ ಮರುಳಾಗುವವನಲ್ಲ. ಮೊದಲು ಎಂಜಿನ್ ಮುಟ್ಟಿ ನೋಡುತ್ತಿದ್ದ. ನಾವು ಬರುವ ಮೊದಲೇ ಬಿಸಿಯಾಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗದ ಗಾಡಿ ಎಂದು ಅವನ ತೀರ್ಪು. “ಪಾಲಿಶ್ ನೋಡ್ಬೇಡಿ ಅಣ್ಣ, ಅಡಿಗೆ ಬಗ್ಗಿ ನೋಡಿ” ಎನ್ನುತ್ತಿದ್ದ. ಕಡಲ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಕ್ರೋಮ್ ಎಂದರೆ ಬಹಳ ರುಚಿ. ಒಂದು ಕಡೆ ಸೈಲೆನ್ಸರಿನ ಅಡಿಗೆ ಸ್ಕ್ರೂಡ್ರೈವರ್ ಒತ್ತಿದ. ಕಳಿತ ಹಲಸಿಗೆ ಇಳಿದ ಹಾಗೆ ಇಳಿಯಿತು.

ಊರೆಲ್ಲ ಸುತ್ತಿದ ಮೇಲೆ ಗಾಡಿ ಸಿಕ್ಕಿದ್ದು ಮಣ್ಣಗುಡ್ಡದಲ್ಲೇ, ಗುರ್ಜಿ ಮಂಟಪದ ಹಿಂದಿನ ಓಣಿಯಲ್ಲಿ, ನನ್ನ ಮನೆಯಿಂದ ಐದು ನಿಮಿಷದ ದಾರಿ. 2011ರ ಮಾಡೆಲ್. ಮಗ ಮಸ್ಕತ್ತಿನಲ್ಲಿ, ಬೈಕು ಶೆಡ್ಡಿನಲ್ಲಿ. ಪಂಚೆ ಉಟ್ಟ ಅಪ್ಪ ಟಾರ್ಪಾಲು ಸರಿಸಿದರು. ಹುಡುಗ ಬಗ್ಗಿದ, ಒತ್ತಿದ, ಎದ್ದು ನಿಂತು ನನ್ನ ಕಡೆ ತಲೆಯಾಡಿಸಿದ.

“ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಡ್ತೇನೆ. ಇದಕ್ಕೆ ಕಿಕ್ಕರ್ ಇಲ್ಲ ನೋಡಿ, ಬ್ಯಾಟರಿ ಹೋದ್ರೆ ನೂಕುವುದೇ.”

“ಒಂದು ರೌಂಡ್ ಹೋಗಿ ಬರಬಹುದಿತ್ತಲ್ಲ?”

“ನನಗೆ ಬೈಕ್ ಬರುವುದಿಲ್ಲ.”

ಹತ್ತಿ ಕೂತೆ. ಎರಡೂ ಪಾದ, ಹಿಮ್ಮಡಿ ಸಮೇತ, ನೆಲಕ್ಕೆ ಊರಿದವು. ಮಾಡಬೇಕೆಂದಿದ್ದ ಚೌಕಾಸಿ ಅಲ್ಲೇ ಮರೆತುಹೋಯಿತು.

ಫಾರಂ 29, ಫಾರಂ 30ಕ್ಕೆ ಮಗ ರಜೆಯಲ್ಲಿ ಬಂದಾಗಲೇ ಸಹಿ ಹಾಕಿ ಹೋಗಿದ್ದ. ಮೂವತ್ತೈದು ವರ್ಷದ ಚಟ, ಸಹಿಯನ್ನು ಪಾನ್ ಕಾರ್ಡಿನ ಜೆರಾಕ್ಸಿಗೆ ಹಿಡಿದು ನೋಡಿದೆ. “ಸರಿ ಉಂಟಾ?” ಎಂದರು, ಮಗನ ಉತ್ತರಪತ್ರಿಕೆ ನನ್ನ ಕೈಯಲ್ಲಿದ್ದಂತೆ. “ಸರಿ ಉಂಟು.” ಒಂದು ಕೀ ಕೊಟ್ಟರು. ಎರಡನೆಯದು ತರಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಕಾದು ಕಾದು, “ಇರಲಿ, ನಿಮ್ಮಲ್ಲೇ ಇರಲಿ. ನನ್ನದು ಕಳೆದುಹೋದರೆ ಬೇಕಾಗ್ತದೆ” ಎಂದು ಬಾಗಿಲಿನಿಂದಲೇ ಕೂಗಿ ಹೇಳಿ ಹೊರಟೆ.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯ ಹೆದ್ದಾರಿಯಲ್ಲಿ ಕಾಲು ಚಾಚಿ ಹೋಗಬೇಕೆಂಬ ಆಸೆ ಇದ್ದೇ ಇದೆ. ಸದ್ಯ ಹೋಗುತ್ತಿರುವುದು ಉರ್ವ ಮಾರ್ಕೆಟಿಗೆ. “ಇಷ್ಟುದ್ದದ ಗಾಡಿಯಲ್ಲಿ ಅರ್ಧ ಕಿಲೋ ಬಂಗುಡೆಯಾ?” ಎನ್ನುತ್ತಾಳೆ ಹೆಂಡತಿ. ಹದಿನೈದು ವರ್ಷ ತುಂಬಿದ ಬೈಕಿನ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಈ ವಯಸ್ಸಿನಲ್ಲಿ ನನ್ನ ಲೈಸೆನ್ಸೂ ಹಾಗೇ. ಗಾಡಿಗೂ ನನಗೂ ಸರಕಾರ ಒಂದೇ ಅಳತೆ ಇಟ್ಟಿದೆ.

ಭಾನುವಾರ ಬರುವಾಗ ಆ ಓಣಿಗೆ ತಿರುಗಿ ಗೇಟಿನೆದುರು ಎಂಜಿನ್ ಆಫ್ ಮಾಡಿ, ನನ್ನ ಕೀ ತೆಗೆದು ಜೇಬಿಗೆ ಹಾಕುತ್ತೇನೆ. ಅವರು ತಮ್ಮ ಕೀ ತಂದು ಸಿಕ್ಕಿಸುತ್ತಾರೆ. ಹತ್ತು ನಿಮಿಷ, ಗಡಿಯಾರ ನೋಡಿ. ಪೆಟ್ರೋಲು ಮಾತ್ರ ನನ್ನದು.