ಅಂಚಿನಲ್ಲಿ ಬರೆದ ಪ್ರಶ್ನೆ

ವಚನ ಸಾಹಿತ್ಯದಲ್ಲಿ ಪಿಎಚ್.ಡಿ. ಕೈಗೊಂಡ ವಿದ್ಯಾರ್ಥಿನಿಯೊಬ್ಬಳು ತನ್ನ ಮೊದಲ ಅಧ್ಯಾಯದಲ್ಲಿ, ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ಕಣ್ಣಾರೆ ಕಂಡವಳಂತೆ ಬರೆದಿದ್ದಳು. ಬಾಲ್ಯದಿಂದ ಪ್ರವಚನಗಳಲ್ಲಿ ಕೇಳಿದ ಸಂಗತಿ. ಅದಕ್ಕೆ ಆಧಾರ ಬೇಕೆಂದು ಅವಳಿಗೆ ತೋರಿರಲಿಲ್ಲ. ಮಾರ್ಗದರ್ಶಕರು ಹಾಳೆಯ ಅಂಚಿನಲ್ಲಿ 'ಹೀಗೆಂದು ಹೇಳಿದವರು ಯಾರು?' ಎಂದಷ್ಟೇ ಬರೆದು ಹಿಂದಿರುಗಿಸಿದರು. ಶರಣರ ಮಾತಿಗೂ ಸಾಕ್ಷಿ ಕೇಳುವುದೇ ಎಂದು ಅವಳು ನೊಂದಳು. ವಾರವಿಡೀ ಲೇಖನಿ ಹಿಡಿಯಲಿಲ್ಲ.

ಕೊನೆಗೆ ಗ್ರಂಥಾಲಯದಲ್ಲಿ ಶೂನ್ಯಸಂಪಾದನೆಗಳನ್ನು ಅಕ್ಕಪಕ್ಕದಲ್ಲಿರಿಸಿ ಓದತೊಡಗಿದಳು. ಅವು ನಾಲ್ಕು: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ರಚಿಸಿದವು. ಬಸವಾದಿ ಶರಣರು 12ನೆಯ ಶತಮಾನದವರು. ಅವರ ವಚನಗಳನ್ನು ಸಂವಾದವಾಗಿ ಹೆಣೆದ ಈ ಸಂಪಾದನಕಾರರು 15ನೆಯ ಶತಮಾನ ಮತ್ತು ಅದರ ಈಚಿನವರು. ಯಾವ ವಚನಕ್ಕೆ ಯಾವುದು ಉತ್ತರವೆಂಬ ಜೋಡಣೆಯೂ ಅವರದೇ. ಆ ಜೋಡಣೆಯೂ ಒಂದು ಅನುಭಾವವೇ ಎಂಬುದು ಬೇರೆ ಮಾತು.

ಅವಳು ಅಧ್ಯಾಯವನ್ನು ಮೊದಲಿನಿಂದ ಬರೆದಳು. 'ಸಂಪಾದನಕಾರರು ನಿರೂಪಿಸುವಂತೆ' ಎಂಬ ಎರಡೇ ಪದ ಸೇರಿಸಲು ಆರು ತಿಂಗಳು ಹಿಡಿದಿತ್ತು. ರಜೆಗೆ ಊರಿಗೆ ಬಂದಾಗ ತಂದೆಗೆ ಓದಿ ಹೇಳಿದಳು.

"ಹಾಗಾದರೆ ಅದು ಪ್ರಭುಗಳ ಮಾತಲ್ಲವೇನವ್ವಾ?" ಎಂದರು ಅವರು.

"ವಚನ ಪ್ರಭುಗಳದೇ ಅಪ್ಪಾ. ಅದನ್ನು ಅಲ್ಲಿ ತಂದಿರಿಸಿದವರು ಬೇರೆ."

ತಂದೆ ಬಹಳ ಹೊತ್ತು ಸುಮ್ಮನಿದ್ದು, "ಆ ನಾಲ್ವರ ಹೆಸರು ಇನ್ನೊಮ್ಮೆ ಹೇಳು" ಎಂದರು.