ಶಿಕಾರಿಪುರದಿಂದ ಸೊರಬಕ್ಕೆ ಒಂದು ವಾದ್ಯಯಾತ್ರೆ

ಕಳೆದ ಮಾಘಮಾಸದ ಒಂದು ಬೆಳಗು, ಶಿಕಾರಿಪುರದ ಹುಚ್ಚರಾಯಸ್ವಾಮಿಯ ದರ್ಶನವನ್ನು ಮುಗಿಸಿಕೊಂಡು ನಾವು ಸೊರಬಕ್ಕೆ ಹೊರಟೆವು. ಹೆಗಲಿನಲ್ಲಿ ಕರಿಯ ಚೀಲ. ಅದರೊಳಗೆ ಆರು ತಂತಿಗಳ ಗಿಡ್ಡ ಬೇಸ್ ಗಿಟಾರು. ಸಂಸ್ಕೃತದ ಮುದಿ ಉಪಾಧ್ಯಾಯರಿಗೂ ಈ ವಾದ್ಯಕ್ಕೂ ಏನು ಸಂಬಂಧವೆಂದು ಬಸ್ಸಿನವರು ಕೇಳದೆ ಬಿಡಲಿಲ್ಲ, ವಾಚಕರೂ ಕೇಳುವರು. ಅದು ನಮ್ಮ ಸೋದರಳಿಯನದು. ಉದ್ಯೋಗನಿಮಿತ್ತವಾಗಿ ಪರದೇಶಕ್ಕೆ ಹೋದವನು, ಅದನ್ನು ಮಾರಿಕೊಡಬೇಕೆಂದು ನಮ್ಮನ್ನು ಕೇಳಿಕೊಂಡಿದ್ದನು.

ಸಾಮಾನ್ಯವಾದ ಬೇಸ್ ಗಿಟಾರಿಗೆ ನಾಲ್ಕು ತಂತಿಗಳು. ಅವುಗಳ ನುಡಿಯುವ ಭಾಗದ ಉದ್ದ 34 ಅಂಗುಲ. ಇದರ ಉದ್ದ 30 ಅಂಗುಲ ಮಾತ್ರ. ಗಿಟಾರಿನ ಆರು ತಂತಿಗಳ ಶ್ರುತಿಯನ್ನೇ ಒಂದು ಸ್ಥಾಯಿ ಕೆಳಗಿಳಿಸಿ ಮಂದ್ರದಲ್ಲಿ ನುಡಿಯುವುದು ಇದರ ಧರ್ಮ. ಅಮೆರಿಕದ ಡ್ಯಾನೆಲೆಕ್ಟ್ರೋ ಕಾರ್ಖಾನೆಯವರು 1956ರಲ್ಲಿಯೂ ಫೆಂಡರ್ ಕಾರ್ಖಾನೆಯವರು 1961ರಲ್ಲಿಯೂ ಈ ಜಾತಿಯ ವಾದ್ಯಗಳನ್ನು ಹೊರತಂದರು. ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಮರದೊಳಗೆ ಉಕ್ಕಿನ ಸಲಾಕೆಯೊಂದಿರುವುದು. ಅದರ ತುದಿಯ ತಿರುಪಿನಿಂದ ಬಾಗನ್ನು ತಿದ್ದುವರು. ನಮ್ಮದರಲ್ಲಿ ಆ ತಿರುಪು ಸವೆದುಹೋಗಿತ್ತು. ಮೇಲೊಂದು ಪುಟ್ಟ ಮುಚ್ಚಳವಿದ್ದುದರಿಂದ ದೋಷವು ಹೊರಗೆ ಕಾಣದು. “ಕೇಳಿದರೆ ಹೇಳಿ ಮಾವ, ಕೇಳದಿದ್ದರೆ ಬೇಡ” ಎಂದಿದ್ದನು ಅಳಿಯ. ನಮ್ಮ ಕೈಯಲ್ಲಿಯೇ ಓದಿದ ಹುಡುಗ!

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಾಯಿತು. ವೇಳೆಯಿದ್ದುದರಿಂದ ಸಮೀಪದ ಬಳ್ಳಿಗಾವೆಗೆ ಹೋಗಿ ಕೇದಾರೇಶ್ವರನ ಗುಡಿಯ ನೆರಳಿನಲ್ಲಿ ಕುಳಿತೆವು. ಅಲ್ಲಮಪ್ರಭುವಿನ ಊರದು; ಆತನು ಮದ್ದಳೆಯನ್ನು ಬಾರಿಸುತ್ತಿದ್ದನೆಂದು ಹರಿಹರಕವಿಯ ರಗಳೆಯಿಂದ ತಿಳಿಯುತ್ತದೆ. ಮದ್ದಳೆಯ ಊರಿಗೆ ಬೇಸ್ ಗಿಟಾರು ಹೊತ್ತು ಬಂದೆವಲ್ಲಾ ಎಂದು ನಗು ಬಂದಿತು. ಮುಚ್ಚಳದ ನೆನಪಾಗಿ ಆ ನಗು ಅಲ್ಲಿಯೇ ನಿಂತಿತು. ಕೊರತೆಯುಳ್ಳುದೂ ಮರೆಮಾಚಿದುದೂ ವಿಕ್ರಯಕ್ಕೆ ಅರ್ಹವಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಓದಿ ಎಷ್ಟೋ ವರ್ಷಗಳಾಗಿದ್ದುವು. ಪಾಲಿಸುವ ಪ್ರಸಂಗ ಬಂದುದು ಅಂದೇ.

ದಂಡಾವತಿಯ ತೀರದ ಸೊರಬವು ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರು. ಕೊಳ್ಳಬಂದ ತರುಣನೂ ಕೆತ್ತನೆಯನ್ನು ಬಲ್ಲವನೇ. ವಾದ್ಯದ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತೊಲೆಯ ನೇರವನ್ನು ನೋಡುವಂತೆ ನೋಡಿದನು. ಒಂದೊಂದು ಮೆಟ್ಟಿಲನ್ನೂ ಒತ್ತಿ ನುಡಿಸಿದನು. ತಂತಿಯ ನಡುವಾದ ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಮ್ಮೆ ಮೃದುವಾಗಿ ಸೋಕಿಸಿ, ಒಮ್ಮೆ ಒತ್ತಿ, ಎರಡು ನಾದಗಳೂ ಒಂದಾಗುವುವೇ ಎಂದು ಪರೀಕ್ಷಿಸಿದನು. ಎಲ್ಲವನ್ನೂ ನೋಡಿದನು, ಮುಚ್ಚಳವನ್ನು ಮಾತ್ರ ತೆರೆಯಲಿಲ್ಲ. ಏನನ್ನೂ ಕೇಳಲೂ ಇಲ್ಲ. 18,000 ರೂಪಾಯಿಗಳನ್ನು ಎಣಿಸಿ ಮುಂದಿಟ್ಟನು.

ನಾವು ಕೈಚಾಚಿದ್ದು ನಿಜ, ಅದನ್ನು ಮರೆಸುವುದಿಲ್ಲ. ಹಣವನ್ನು ಮುಟ್ಟುವ ಮೊದಲು, “ಅಪ್ಪಾ, ಆ ಮುಚ್ಚಳವನ್ನೊಮ್ಮೆ ತೆಗೆದು ನೋಡು” ಎಂದೆವು. ತೆಗೆದು ನೋಡಿದವನು ಬಹಳ ಹೊತ್ತು ಮಾತನಾಡಲಿಲ್ಲ. “ಈಗ ನೆಟ್ಟಗಿದೆ, ಮಳೆಗಾಲದಲ್ಲಿ ಮರ ಬಾಗಿದರೆ ತಂತಿ ಕರಕರವೆನ್ನುವುದು. ತಿರುಪನ್ನು ಹೊಸದಾಗಿ ಮಾಡಿಸಬೇಕು” ಎಂದು 3,000 ರೂಪಾಯಿಗಳನ್ನು ಹಿಂತೆಗೆದುಕೊಂಡನು. ನ್ಯಾಯವಾಗಿತ್ತು. ಕೊಂಡವನಿಗೆ ಅನುಶಯವಾದರೆ ಹತ್ತು ದಿನಗಳೊಳಗೆ ಹಿಂದಿರುಗಿಸಬಹುದೆಂಬುದೂ ಅದೇ ಸ್ಮೃತಿಯ ಮಾತು. ಆ ಅವಧಿಯನ್ನು ನಾವಾಗಿಯೇ ಅವನಿಗೆ ಕೊಟ್ಟು ಬಂದೆವು.

ಹಣ ಕಡಮೆಯಾದ ಕಾರಣವನ್ನು ಅಳಿಯನಿಗೆ ಬರೆದೆವು. ಉತ್ತರ ಬರಲು ಎರಡು ದಿನ ಹಿಡಿಯಿತು: “ನೀವು ಹೇಳಿಯೇ ಹೇಳುವಿರೆಂದು ಗೊತ್ತಿತ್ತು ಮಾವ.”

ಹತ್ತನೆಯ ದಿನ ಸಂಜೆ ಸೊರಬದ ತರುಣನ ಕರೆ ಬಂದಿತು. ನಮ್ಮ ಎದೆ ಹಾರಿತು. ಅವನು ಮಾತನಾಡದೆ ವಾದ್ಯವನ್ನೇ ನುಡಿಸಿದನು. ದೂರವಾಣಿಯಲ್ಲಿ ಮಂದ್ರಸ್ವರ ಸ್ಫುಟವಾಗಿ ಕೇಳಿಸದು. ಆದರೂ ಕಿವಿಯಿಂದ ತೆಗೆಯದೆ ಕೊನೆಯವರೆಗೂ ಕೇಳಿದೆವು.