ಪಟ್ಟಿ ಬಿಚ್ಚುವ ಹೊತ್ತು

ನಮ್ಮ ಅತ್ತೆಯವರ ಅಂಗಾಲಿನ ಹುಣ್ಣು ಶುರುವಾದದ್ದು ಗಾಣಗಾಪುರದಲ್ಲಿ. ಬೇಸಗೆಯ ಮಧ್ಯಾಹ್ನ ಭೀಮಾ-ಅಮರ್ಜಾ ಸಂಗಮದಿಂದ ಗುಡಿಯವರೆಗೆ ಬರಿಗಾಲಲ್ಲಿ ನಡೆದಾಗ ಉಳಿದವರೆಲ್ಲ 'ಕಾಲು ಸುಟ್ಟಿತು' ಎಂದು ಕುಣಿಯುತ್ತಿದ್ದರಂತೆ. ಅತ್ತೆ ಮಾತ್ರ ತಣ್ಣಗೆ ನಡೆದರಂತೆ. ಅದು ದತ್ತನ ಕೃಪೆ ಎಂದು ಅವರ ನಂಬಿಕೆ. ಆದರೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸದ್ದಿಲ್ಲದೆ ಕೊಂದಿತ್ತು. ಮೂರನೆಯ ದಿನ ಹಾಸಿಗೆಯ ಮೇಲೆ ಕೀವಿನ ಕಲೆ ಕಂಡಾಗಲೇ ನಮಗೆ ಗೊತ್ತಾದದ್ದು.

ನನ್ನ ತವರು ಆಳಂದ, ಗಂಡನ ಮನೆ ಅಫಜಲಪುರ, ನಾದಿನಿ ಜೇವರ್ಗಿಯಲ್ಲಿ. ಮೂರೂ ಊರಿನಿಂದ ಮದ್ದು ಬಂತು: ಅರಿಷಿಣ, ಬೇವಿನ ಎಣ್ಣೆ, ಯಾರೋ ಕೊಟ್ಟ ಕಪ್ಪು ಪುಡಿ. ಕೊನೆಗೆ ಪಟ್ಟಣದ ದವಾಖಾನೆಯೊಂದರಲ್ಲಿ ದಿನವೂ ಒಣ ಗಾಜ್ ಬಟ್ಟೆ ಕಟ್ಟುತ್ತಿದ್ದರು. ಪಟ್ಟಿ ಬಿಚ್ಚುವ ಹೊತ್ತು ನನಗೆ ಬಹಳ ಕಠಿಣ. ಗಾಜ್ ಅಂಟಿಕೊಂಡಿರುತ್ತಿತ್ತು, ಎಳೆದರೆ ಅದರ ಜೊತೆಗೆ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಚರ್ಮವೂ ಬರುತ್ತಿತ್ತು. ಅತ್ತೆಗೆ ನೋವಿಲ್ಲ. ನೋಡುವ ನನಗೆ ಹೊಟ್ಟೆ ತೊಳಸುತ್ತಿತ್ತು. ಐದು ವಾರವಾದರೂ ಗಾಯ ಎಂಟಾಣೆಯಷ್ಟಿದ್ದದ್ದು ಎಂಟಾಣೆಯಷ್ಟೇ. 'ಬೆರಳು ತೆಗೀಬೇಕಾಗಬಹುದು' ಎಂಬ ಮಾತು ಕಿವಿಗೆ ಬಿದ್ದ ರಾತ್ರಿ ಯಾರೂ ಊಟ ಮಾಡಲಿಲ್ಲ.

ಗಾಯ ಒಣಗಿದರೆ ವಾಸಿಯಾಯಿತು ಎಂದು ನಾವೆಲ್ಲ ತಿಳಿದಿದ್ದೇವಲ್ಲ? 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೈಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ನೋಡಿದರು. ಮುಚ್ಚಿದ್ದರ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂತು. ಹೊಸ ಚರ್ಮದ ಕಣಗಳು ಅಂಚಿನಿಂದ ತೆವಳಿಕೊಂಡು ಬರಬೇಕು. ಹಸಿ ನೆಲದಲ್ಲಿ ತೆವಳುವುದು ಸುಲಭ, ಒಣಗಿದ ಹಕ್ಕಳೆ ಇದ್ದರೆ ಅದರ ಅಡಿಗೆ ದಾರಿ ಹುಡುಕಬೇಕು.

ನಮ್ಮ ದೇಶದವರೂ ಸುಮ್ಮನೆ ಕೂತಿರಲಿಲ್ಲ. ಮುಂಬಯಿಯ ಡಾ. ಕೇಸ್ವಾನಿಯವರು 1980ರ ದಶಕದಲ್ಲಿ ಆಲೂಗಡ್ಡೆ ಸಿಪ್ಪೆಯನ್ನು ಬಟ್ಟೆಗೆ ಅಂಟಿಸಿ, ಕ್ರಿಮಿ ಸಾಯುವಂತೆ ಶುದ್ಧಿ ಮಾಡಿ ಸುಟ್ಟ ಗಾಯಕ್ಕೆ ಹಾಕಿದರು. ಅದೇ ಊರಿನ ವೈದ್ಯರು ಬಾಳೆ ಎಲೆಯನ್ನೂ ಬಳಸಿದರು, ಅಂಟುವುದಿಲ್ಲ, ಅಗ್ಗ. (ಇದನ್ನೋದಿ ಅಡುಗೆಮನೆಯ ಸಿಪ್ಪೆಯನ್ನು ಸಕ್ಕರೆ ಹುಣ್ಣಿಗೆ ಕಟ್ಟಬೇಡಿ, ದಯವಿಟ್ಟು!) ಮಣಿಪಾಲದ ಡಾ. ಪ್ರಮೋದ್ ಕುಮಾರ್ ಅವರು ಗಾಯವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಮುಚ್ಚಿ, ಕೊಳವೆಯಿಂದ ಆಗಾಗ ಕೊಳೆನೀರನ್ನು ಹೀರಿ ತೆಗೆಯುವ ಪಟ್ಟಿಯೊಂದನ್ನು ರೂಪಿಸಿದರು. ದಿನಾ ಬಿಚ್ಚುವ ಗೋಳಿಲ್ಲ. ಬೆಂಗಳೂರಿನಲ್ಲಿ ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿ ಮಾಡುತ್ತಾರೆಂದು ಓದಿದಾಗ ನಾನು ಇಳಕಲ್ ಸೀರೆಯ ಸೆರಗನ್ನೇ ಮುಟ್ಟಿ ನೋಡಿಕೊಂಡೆ. ಅಂದ ಹಾಗೆ, ರೇಷ್ಮೆ ದಾರದಿಂದ ಗಾಯ ಹೊಲಿಯುವುದು ಹಳೆಯ ಪದ್ಧತಿಯೇ.

ಕಲಬುರಗಿಯಲ್ಲಿ ನಮಗೆ ಸಿಕ್ಕ ಡಾಕ್ಟರಮ್ಮ ಇದನ್ನೆಲ್ಲ ಕೇಳಿ ನಕ್ಕರು. 'ಪಟ್ಟಿ ಯಾವುದರೆ ಇರಲಿ, ಅದರ ಮ್ಯಾಲೆ ನಿಂತರೆ ಏನು ಉಪಯೋಗ ಅಕ್ಕಾ?' ಅಂದರು. ವೆಲ್ಲೂರಿನಲ್ಲಿ ಕುಷ್ಠ ರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರ ವಿಷಯ ಆಗ ಹೇಳಿದರು. ರೋಗವೇ ಕಾಲನ್ನು ತಿನ್ನುತ್ತದೆ ಎಂದು ಜನ ಹೆದರುತ್ತಿದ್ದರು. ನೋವು ಗೊತ್ತಾಗದೆ ಗಾಯದ ಮೇಲೆಯೇ ನಡೆಯುವುದರಿಂದ ಕಾಲು ಹಾಳಾಗುತ್ತದೆ ಎಂದು ಅವರು ತೋರಿಸಿದರು. ಕಾಲಿಗೆ ಪ್ಲಾಸ್ಟರ್ ಕಟ್ಟಿ ಭಾರ ಹಂಚಿದರೆ ಹುಣ್ಣು ಮಾಯುತ್ತಿತ್ತು. ಆಮೇಲೆ ಮೆತ್ತನೆಯ ರಬ್ಬರಿನ ಚಪ್ಪಲಿ. ಸಕ್ಕರೆ ಕಾಯಿಲೆಯ ಕಾಲಿಗೂ ಇದೇ ಲೆಕ್ಕ, ರಕ್ತ ಓಡಾಡುತ್ತಿದೆಯೇ ಎಂದು ಮೊದಲು ನೋಡಿಕೊಂಡು.

ಡಾಕ್ಟರಮ್ಮ ಹುಣ್ಣಿನ ಸುತ್ತಲಿನ ಗಟ್ಟಿ ಚರ್ಮ ಕೆತ್ತಿ, ಅಂಟದ ಪಟ್ಟಿ ಹಾಕಿ, ಪ್ಲಾಸ್ಟರ್ ಕಟ್ಟಿದರು. ವಾರಕ್ಕೊಮ್ಮೆ ಬಿಚ್ಚಿದಾಗ ಪಾರದರ್ಶಕ ಹಾಳೆಯ ಮೇಲೆ ಗಾಯದ ಅಂಚನ್ನು ಗೀಚುತ್ತಿದ್ದರು. ಆ ಹಾಳೆಗಳನ್ನು ನಾನು ಸಾಲಾಗಿ ಇಟ್ಟುಕೊಂಡಿದ್ದೇನೆ: ಎಂಟಾಣೆ, ನಾಲ್ಕಾಣೆ, ತೊಗರಿ ಕಾಳು, ಚುಕ್ಕೆ. ಹನ್ನೊಂದನೆಯ ವಾರದ ಹಾಳೆ ಖಾಲಿ.

ಜಗಳ ಬಿದ್ದದ್ದು ಆಮೇಲೆ. ಮನೆಯೊಳಗೂ ಚಪ್ಪಲಿ ಹಾಕಿರಬೇಕು ಎಂದು ಅಪ್ಪಣೆಯಾಗಿತ್ತು. 'ಅಡಗಿಮನಿಯಾಗ ಚಪ್ಪಲಿ? ನಾ ಸತ್ತರೂ ಒಲ್ಲೆ' ಎಂದು ಅತ್ತೆ ಹಟ ಹಿಡಿದರು. ಎರಡು ದಿನ ರೊಟ್ಟಿ ಬಡಿಯುವ ಸದ್ದಷ್ಟೇ, ಮಾತಿಲ್ಲ. ಕೊನೆಗೆ ಅಂಗಳವನ್ನು ಎಂದೂ ತುಳಿಯದ ಹೊಸ ಜೋಡೊಂದನ್ನು ತಂದೆವು. ಬೀದಿ ಕಾಣದ್ದು ಮೈಲಿಗೆಯಲ್ಲ ಎಂದು ಅವರೇ ತೀರ್ಪು ಕೊಟ್ಟುಕೊಂಡರು. ದೇವರ ಕೋಣೆಯ ಬಾಗಿಲಲ್ಲಿ ಮಾತ್ರ ಬಿಡುತ್ತಾರೆ, ಒಳಗೆ ದಪ್ಪ ಜಮಖಾನೆ ಹಾಸಿದ್ದೇವೆ.

ಮೊನ್ನೆ ಜೇವರ್ಗಿಯಿಂದ ನಾದಿನಿ ಫೋನ್ ಮಾಡಿದ್ದಳು. ಅವಳ ಓರಗಿತ್ತಿಯ ಹಿಮ್ಮಡಿಯಲ್ಲಿ ಹುಣ್ಣಂತೆ, ಯಾವ ಮುಲಾಮು ಎಂದು ಕೇಳಿದಳು. ನೋವಿದೆಯೇ ಎಂದು ಕೇಳಿದೆ. 'ಇಲ್ಲ, ಪುಣ್ಯ' ಎಂದಳು. ಆ ದಿನವೇ ಕಲಬುರಗಿ ಬಸ್ಸು ಹತ್ತಿಸಲು ಹೇಳಿದೆ.